ಹೋಲ್ಮ್ ಓಕ್ ಮರ ನಮ್ಮ ಮಲೆನಾಡಲ್ಲಿ ಬರುತ್ತಾ? ಆಯನೂರು ಕಡೆ ಒಣಗುಡ್ಡಕ್ಕೆ ಹಾಕ್ಬೇಕು ಅಂತಿದೀನಿ

ಗುಡ್ಡದಮನೆ_ಆಯನೂರು

ಎಲ್ರಿಗೂ ನಮಸ್ಕಾರ. ನಮ್ದು ಆಯನೂರಿಂದ ಸ್ವಲ್ಪ ಒಳಗೆ, ಕೆಳಗಡೆ ಅಡಿಕೆ ತೋಟ ಇದೆ, ಅದರ ನೆತ್ತಿ ಮೇಲೆ ಎರಡು ಎಕರೆ ಚಿಲ್ಲರೆ ಗುಡ್ಡದ ಜಾಗ, ಅಪ್ಪನ ಕಾಲದಿಂದ ಹಾಗೇ ಬಿಟ್ಟಿದ್ದು. ಪಶ್ಚಿಮಕ್ಕೆ ಮುಖ ಮಾಡಿರೋ ಇಳಿಜಾರು, ಮಧ್ಯಾಹ್ನದ ಮೇಲೆ ಬಿಸಿಲು ಅಂದ್ರೆ ಬಿಸಿಲು. ಈಗ ಅಲ್ಲಿರೋದು ಒಂದಿಷ್ಟು ಮತ್ತಿ, ನಂದಿ, ಎರಡ್ಮೂರು ಹೊನ್ನೆ, ಉಳಿದಿದ್ದೆಲ್ಲ ಲಂಟಾನ ಮತ್ತೆ ಯುಪಟೋರಿಯಂ. ಫೆಬ್ರವರಿ ಮುಗಿಯೋ ಹೊತ್ತಿಗೆ ಇದ್ದ ಮರಗಳೂ ಎಲೆ ಉದುರಿಸಿ ಬೋಳಾಗಿ ನಿಂತ್ಕೊಳ್ತವೆ, ದನಕ್ಕೆ ನೆರಳಿಲ್ಲ, ಆ ದರಕಿಗೆ ಯಾರಾದ್ರೂ ಬೀಡಿ ಎಸೆದ್ರೆ ಮುಗೀತು, ಬೆಂಕಿ ತೋಟದ ಬೇಲಿ ತನಕ ಬರುತ್ತೆ.

ಹಾಗಾಗಿ ವರ್ಷಪೂರ್ತಿ ಹಸಿರಾಗಿರೋ, ನೀರು ಕೇಳದೇ ಇರೋ ಮರ ಬೇಕಿತ್ತು. ನಮ್ಮ ಚಿಕ್ಕಪ್ಪನ ಮಗ ಸ್ಪೇನಲ್ಲಿ ಕೆಲಸದಲ್ಲಿದಾನೆ, ಅವನು ಅಲ್ಲಿನ ಹೋಲ್ಮ್ ಓಕ್ ತೋಪುಗಳ ಫೋಟೋ ಕಳಿಸಿದ್ದ, ಹುಲ್ಲು ಪೂರ್ತಿ ಒಣಗಿ ಹೋಗಿದೆ, ನೆಲ ಬಿರುಕು ಬಿಟ್ಟಿದೆ, ಆದ್ರೆ ಮರ ಮಾತ್ರ ಕಡುಹಸಿರು, ಕೆಳಗೆ ಹಂದಿ ಕುರಿ ಎಲ್ಲ ನೆರಳಲ್ಲಿ ಮಲಗಿವೆ. ಅಲ್ಲಿ ಬೇಸಿಗೆಲಿ 40 ಡಿಗ್ರಿ ದಾಟುತ್ತಂತೆ, ಮೂರು ತಿಂಗಳು ಹನಿ ಮಳೆ ಬರಲ್ವಂತೆ. ಅದನ್ನ ನೋಡಿದ್ ಮೇಲೆ ತಲೇಲಿ ಅದೇ ಕೂತಿದೆ. ಅಷ್ಟು ಬರ ತಡ್ಕೊಳೋ ಮರ ನಮ್ಮ ಗುಡ್ಡದಲ್ಲಿ ಯಾಕೆ ಬರಬಾರದು ಅಂತ.

ಮಣ್ಣು ಕೆಂಪು, ಒಂದೂವರೆ ಅಡಿ ಎರಡಡಿ ಅಗೆದ್ರೆ ಜಂಬಿಟ್ಟಿಗೆ ಸಿಗುತ್ತೆ, ಕೆಲವು ಕಡೆ ಹಾಸುಗಲ್ಲಿನ ತರ ಇದೆ. ಮೇಲ್ಗಡೆ ಬೋರ್ ಇಲ್ಲ, ಮೊದಲೆರಡು ಬೇಸಿಗೆ ಟ್ಯಾಂಕರಲ್ಲಿ ನೀರು ಕೊಡಬಹುದು, ಆಮೇಲೆ ಕಷ್ಟ. ಈ ಮರ ಯಾವ ತರದ ಮಣ್ಣು ಕೇಳುತ್ತೆ, ನಮ್ಮ ಮಳೆಗಾಲ ತಡ್ಕೊಳತ್ತಾ, ಬೀಜದಿಂದ ಮಾಡೋದಾ ಗಿಡ ತರಿಸೋದಾ, ಎಷ್ಟು ವರ್ಷಕ್ಕೆ ನೆರಳು ಕೊಡುತ್ತೆ, ಗೊತ್ತಿದ್ದೋರು ದಯವಿಟ್ಟು ವಿವರವಾಗಿ ಹೇಳಿ. ಈ ಮಳೆಗಾಲಕ್ಕೆ ಗುಂಡಿ ತೆಗೆಸೋ ಯೋಚನೆ ಇದೆ.

ಕಾಫಿಕಣಿವೆ

ಓಕ್ ತಾನೆ, ನಮ್ಮ ಕೊಪ್ಪ ಕಡೆ ಎಲ್ಲ ಎಸ್ಟೇಟಲ್ಲೂ ಇದೆಯಲ್ಲ, ಮೆಣಸು ಹಬ್ಬಿಸ್ತಾರೆ. ಏನೂ ತೊಂದ್ರೆ ಇಲ್ಲ, ನೇರವಾಗಿ ಬೇಗ ಎತ್ತರ ಹೋಗುತ್ತೆ, ನರ್ಸರಿಲಿ ಕಡಿಮೆ ರೇಟಿಗೆ ಸಿಗುತ್ತೆ, ಹಾಕಿ.

ಸೊಪ್ಪಿನಬೆಟ್ಟ

ಅಣ್ಣ ಅದು ಸಿಲ್ವರ್ ಓಕ್, ಆಸ್ಟ್ರೇಲಿಯಾದ ಪೂರ್ವ ಭಾಗದ್ದು, ಮಕಡಾಮಿಯಾ ಕುಟುಂಬದ ಮರ, ಇವ್ರು ಕೇಳ್ತಿರೋ ಮರಕ್ಕೂ ಅದಕ್ಕೂ ಯಾವ ನೆಂಟಸ್ತಿಕೆನೂ ಇಲ್ಲ. ಸಿಲ್ವರ್ ಎಲೆ ಜರಿಗಿಡದ ತರ ಸೀಳಿರುತ್ತೆ, ನೆರಳೂ ತೆಳು. ಹೋಲ್ಮ್ ಓಕ್ ನಿಜವಾದ ಓಕ್, ಕ್ವೆರ್ಕಸ್ ಐಲೆಕ್ಸ್. ನಮ್ಮ ಪಶ್ಚಿಮಘಟ್ಟದ ಕಾಡಲ್ಲಿ ಓಕ್ ಜಾತಿಯ ಒಂದೂ ಮರ ತಾನಾಗೇ ಇಲ್ಲ, ಭಾರತದಲ್ಲಿ ಓಕ್ ನೋಡ್ಬೇಕು ಅಂದ್ರೆ ಹಿಮಾಲಯ ಇಲ್ಲಾ ಈಶಾನ್ಯಕ್ಕೆ ಹೋಗ್ಬೇಕು. ಪೂರ್ತಿ ಉತ್ತರ ರಾತ್ರಿ ಟೈಪ್ ಮಾಡ್ತೀನಿ, ಈ ಪ್ರಶ್ನೆ ನಂಗೆ ತುಂಬಾ ಇಷ್ಟದ್ದು.

ಸೊಪ್ಪಿನಬೆಟ್ಟ

ಸರಿ, ಕೂತು ಬರೀತಿದೀನಿ, ಉದ್ದ ಆಗುತ್ತೆ. ಅರಣ್ಯಶಾಸ್ತ್ರ ಓದಿದವನು ನಾನು, ಈಗ ಇರೋದು ಸಾಗರ ಕಡೆ.

ಮೊದಲು ಮರದ ಬಗ್ಗೆ. ಹೋಲ್ಮ್ ಓಕ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಮರ, ಸ್ಪೇನ್, ಪೋರ್ಚುಗಲ್, ದಕ್ಷಿಣ ಫ್ರಾನ್ಸ್, ಇಟಲಿ, ಗ್ರೀಸ್, ಆಚೆ ದಡದಲ್ಲಿ ಮೊರೊಕ್ಕೊ, ಅಲ್ಜೀರಿಯಾ. ಒಳ್ಳೆ ಜಾಗ ಸಿಕ್ರೆ 20-25 ಮೀಟರ್ ಎತ್ತರ ಹೋಗುತ್ತೆ, ಒಣ ಜಾಗದಲ್ಲಿ ಗಿಡ್ಡಗೆ ಅಗಲಕ್ಕೆ ಬೆಳೆಯುತ್ತೆ, ನೂರಾರು ವರ್ಷ ಬದುಕುತ್ತೆ. ಎಲೆ 4 ರಿಂದ 8 ಸೆಂ.ಮೀ ಉದ್ದ, ದಪ್ಪ, ಚರ್ಮದ ತರ ಗಟ್ಟಿ. ಮೇಲ್ಗಡೆ ಕಡುಹಸಿರು ಮಿರಮಿರ, ತಿರುಗಿಸಿ ನೋಡಿದ್ರೆ ಬೂದಿ ಬಿಳುಪಿನ ರೋಮ. ಎಳೆ ಗಿಡದ ಎಲೆಗೆ, ದನ ಕುರಿ ಬಾಯಿ ಹಾಕೋ ಎತ್ತರದ ಕೊಂಬೆಗೆ ಅಂಚಲ್ಲಿ ಮುಳ್ಳು, ಮೇಲೆ ಹೋದಂಗೆ ಅಂಚು ನುಣ್ಣಗೆ. ಒಂದೊಂದು ಎಲೆ ಒಂದೆರಡು ವರ್ಷ ಇರುತ್ತೆ, ಹೊಸ ಚಿಗುರು ಬಂದಾಗ ಹಳೇದು ಉದುರುತ್ತೆ, ಅದಕ್ಕೇ ಮರ ಯಾವಾಗ ನೋಡಿದ್ರೂ ಹಸಿರು.

ಬರ ಹೇಗೆ ತಡ್ಕೊಳತ್ತೆ ಅಂದ್ರೆ, ಉಸಿರಾಡೋ ರಂಧ್ರ ಎಲ್ಲ ಎಲೆ ಅಡಿಲಿ, ಆ ರೋಮದ ಮರೆಲಿ ಇರ್ತವೆ, ಬಿಸಿಗಾಳಿ ನೇರ ತಾಗಲ್ಲ. ಬೇಸಿಗೆ ಮಧ್ಯಾಹ್ನ ರಂಧ್ರ ಮುಚ್ಕೊಂಡು ಬಿಡುತ್ತೆ, ಬೆಳವಣಿಗೆ ನಿಲ್ಲಿಸಿ ಸುಮ್ನೆ ಇರುತ್ತೆ. ಎಲ್ಲಕ್ಕಿಂತ ಮುಖ್ಯ ಬೇರು. ಬೀಜ ಮೊಳೆತ ವರ್ಷ ಮೇಲೆ ಗೇಣುದ್ದ ಇದ್ರೂ ತಾಯಿಬೇರು ಅದರ ಎರಡು ಮೂರು ಪಟ್ಟು ಕೆಳಗೆ ಹೋಗಿರುತ್ತೆ, ದೊಡ್ಡ ಮರದ ಬೇರು ಬಂಡೆ ಬಿರುಕಿನಲ್ಲಿ ಮೀಟರುಗಟ್ಟಲೆ ಇಳಿದು ಅಲ್ಲಿನ ತೇವ ಎಳ್ಕೊಳ್ಳುತ್ತೆ. ಕಡಿದ್ರೂ ಬೆಂಕಿ ಬಿದ್ರೂ ಬುಡದಿಂದ ಮತ್ತೆ ಚಿಗುರುತ್ತೆ. ಚಳಿನೂ ತಡೆಯುತ್ತೆ, ಮೈನಸ್ 10ರ ಆಚೆಗೂ ಬದುಕುತ್ತೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ತಗೊಂಡು ಹೋದ್ರೆ ಅಲ್ಲಿ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಹರಡಿಬಿಟ್ಟು, ಐಲ್ ಆಫ್ ವೈಟ್ ದ್ವೀಪದಲ್ಲಿ ಅದರ ಸಸಿ ಹತೋಟಿಗೆ ಮೇಕೆ ಬಿಡೋ ಹಾಗಾಯ್ತು. ಮಣ್ಣಿನ ವಿಷಯದಲ್ಲೂ ಹಟ ಇಲ್ಲ, ಸುಣ್ಣದ ಮಣ್ಣು ಆಗುತ್ತೆ, ಹುಳಿ ಮಣ್ಣೂ ಆಗುತ್ತೆ, ಸ್ಪೇನಿನ ಪಶ್ಚಿಮದ ತೋಪುಗಳು ಇರೋದೇ ಹುಳಿ ಗುಣದ ಕಲ್ಲುಮಣ್ಣಲ್ಲಿ. ಅಂದ್ರೆ ನಿಮ್ಮ ಕೆಂಪುಮಣ್ಣಿನ ಹುಳಿ ಅದಕ್ಕೆ ಸಮಸ್ಯೆ ಅಲ್ಲ. ಅದು ಕೇಳೋದು ಒಂದೇ, ಬುಡದಲ್ಲಿ ನೀರು ನಿಲ್ಲಬಾರದು.

ಈಗ ನಿಮ್ಮ ಗುಡ್ಡಕ್ಕೆ ಬರ್ತೀನಿ. ನಿಮ್ಮ ತಮ್ಮ ಇರೋ ದೇಶದ ಪಶ್ಚಿಮದಲ್ಲಿ ಎಕ್ಸ್‌ಟ್ರೆಮದುರಾ ಅಂತ ಪ್ರಾಂತ್ಯ ಇದೆ, ಈ ಮರದ ತೋಪುಗಳಿಗೆ ಹೆಸರಾದ ಜಾಗ, ಅಲ್ಲಿ ವರ್ಷಕ್ಕೆ ಬೀಳೋದು ಸುಮಾರು 500 ಮಿ.ಮೀ ಮಳೆ. ಆ ಮಳೆ ಹೆಚ್ಚಿನದು ಬರೋದು ಅಕ್ಟೋಬರಿಂದ ಏಪ್ರಿಲ್ ಒಳಗೆ, ಚಳಿಲಿ. ನೆಲ ಒದ್ದೆ ಇರುವಾಗ ತಣ್ಣಗಿರುತ್ತೆ, ಬಿಸಿ ಇರುವಾಗ ಒಣಗಿರುತ್ತೆ. ಬಿಸಿ ಮತ್ತೆ ಒದ್ದೆ ಎರಡೂ ಒಟ್ಟಿಗೆ ಬರೋದನ್ನ ಆ ಮರ ತನ್ನ ಊರಲ್ಲಿ ಹೆಚ್ಚು ನೋಡೇ ಇಲ್ಲ. ನಮ್ಮಲ್ಲಿ ಪೂರ್ತಿ ಉಲ್ಟಾ. ಮೃಗಶಿರದಲ್ಲಿ ಶುರುವಾದ್ರೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯೋ ತನಕ ನೆಲ ಆರಲ್ಲ, ಆ ಹೊತ್ತಲ್ಲಿ ಮಣ್ಣು ಬೆಚ್ಚಗೇ ಇರುತ್ತೆ. ಆಯನೂರಲ್ಲಿ ಆಗುಂಬೆ ಮಳೆ ಇಲ್ಲ ಅನ್ನೋದು ಸರಿ, ಆಗುಂಬೆಲಿ ವರ್ಷಕ್ಕೆ 7000 ಮಿ.ಮೀ ಮೇಲೆ ಬೀಳುತ್ತೆ, ನಿಮ್ದು ಅರೆಮಲೆನಾಡು. ಆದ್ರೂ ಎಕ್ಸ್‌ಟ್ರೆಮದುರಾ ವರ್ಷವಿಡೀ ಕಾಣೋಷ್ಟು ಮಳೆ ನಿಮ್ಮಲ್ಲಿ ಒಂದೇ ಮಳೆಗಾಲದ ಒಂದೆರಡು ತಿಂಗಳಲ್ಲಿ ಬಂದು ಹೋಗುತ್ತೆ.

ಇದರಿಂದ ಆಗೋದೇನು ಅಂದ್ರೆ ಬೇರುಕೊಳೆ. ಅದನ್ನ ತರೋದು ಫೈಟಾಫ್ತೊರಾ ಅನ್ನೋ ಸೂಕ್ಷ್ಮಜೀವಿ, ಆ ಹೆಸರು ನಮಗೆ ಹೊಸದಲ್ಲ, ಅಡಿಕೆ ಕೊಳೆನೂ ಅದೇ ಬಳಗ, ಮೆಣಸಿನ ಸೊರಗು ರೋಗನೂ ಅದೇ ಬಳಗ. ಅದರಲ್ಲಿ ಸಿನ್ನಮೋಮಿ ಅಂತ ಒಂದು ಜಾತಿ ಇದೆ, ಬೆಣ್ಣೆಹಣ್ಣಿನ ಬೇರು ಕೊಳೆಸೋದು ಅದೇ, ಹೋಲ್ಮ್ ಓಕಿಗೆ ಅದು ದೊಡ್ಡ ಶತ್ರು. ಅದರ ಬೀಜಾಣು ಮಣ್ಣಿನ ನೀರಲ್ಲಿ ಈಜ್ಕೊಂಡು ಹೋಗಿ ಸಣ್ಣ ಬೇರಿಗೆ ಅಂಟುತ್ತೆ, 24-28 ಡಿಗ್ರಿ ಶಾಖದಲ್ಲಿ ಹುಲುಸಾಗಿ ಬೆಳೆಯುತ್ತೆ. ಸ್ಪೇನ್ ಪೋರ್ಚುಗಲಲ್ಲೇ 1980ರ ದಶಕದಿಂದ ಓಕ್ ಮರಗಳು ಸಾಲುಸಾಲಾಗಿ ಒಣಗ್ತಿವೆ, ಅಲ್ಲಿನ ಜನ ಅದನ್ನ ಲಾ ಸೆಕಾ ಅಂತಾರೆ, ಅದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ನೋಡಿ, ಅಷ್ಟು ಒಣ ಸೀಮೆಲೇ, ತಗ್ಗಲ್ಲಿ ನೀರು ನಿಲ್ಲೋ ಜಾಗಗಳಲ್ಲಿ ಈ ಕಥೆ.

ಇದರಲ್ಲಿ ಮೋಸ ಎಲ್ಲಿದೆ ಅಂದ್ರೆ, ಮರ ಮಳೆಗಾಲದಲ್ಲಿ ಸಾಯಲ್ಲ. ಸಣ್ಣ ಬೇರೆಲ್ಲ ಕೊಳೆತು ಹೋಗಿರುತ್ತೆ, ಮೇಲೆ ಎಲೆ ದಪ್ಪ ಇರೋದ್ರಿಂದ ತಿಂಗಳುಗಟ್ಟಲೆ ಹಸಿರಾಗೇ ಕಾಣುತ್ತೆ. ಮುಂದೆ ಮಾರ್ಚಲ್ಲಿ ಬಿಸಿಲು ಏರಿದಾಗ ನೀರು ಎಳೆಯೋಕೆ ಬೇರೇ ಇಲ್ಲ, ಆಗ ಒಣಗುತ್ತೆ. ನೋಡಿದೋರು ನೀರು ಸಾಲದೆ ಸತ್ತಿತು ಅಂತ ಇನ್ನೂ ನೀರು ಹಾಕ್ತಾರೆ. ಕ್ಯಾಲಿಫೋರ್ನಿಯಾ ಕರಾವಳಿಲೂ ಇಂಥದೇ ನಿತ್ಯಹಸಿರು ಓಕ್ ಇದೆ, ಕೋಸ್ಟ್ ಲೈವ್ ಓಕ್, ಬರ ಚೆನ್ನಾಗಿ ತಡೆಯುತ್ತೆ, ಅಂಥ ದೊಡ್ಡ ಹಳೇ ಮರದ ಕೆಳಗೆ ಹುಲ್ಲುಹಾಸು ಮಾಡಿ ಬೇಸಿಗೆಲಿ ನೀರು ಬಿಟ್ರೆ ಬುಡ ಕೊಳೆತು ಸಾಯುತ್ತೆ, ಅಲ್ಲಿ ತೋಟಗಾರಿಕೆಯೋರು ಮೊದಲು ಹೇಳೋ ಎಚ್ಚರಿಕೆನೇ ಅದು. ನಮ್ಮ ಮಳೆಗಾಲ ಅಂದ್ರೆ ಆ ಮರದ ಲೆಕ್ಕದಲ್ಲಿ ನಾಲ್ಕು ತಿಂಗಳು ಬಿಡದೆ ನೀರು ಬಿಟ್ಟ ಹಾಗೆ.

ಇನ್ನೊಂದು ವಿಷಯ ನಿಮ್ಮ ಜಂಬಿಟ್ಟಿಗೆ. ಮರದ ಬರ ತಡೆಯೋ ಶಕ್ತಿ ಅರ್ಧಕ್ಕರ್ಧ ಬೇರಿನ ಆಳದಲ್ಲಿದೆ ಅಂದ್ನಲ್ಲ, ಎರಡಡಿಗೆ ಹಾಸುಗಲ್ಲು ಸಿಕ್ರೆ ಆ ಬೇರು ಎಲ್ಲಿಗೆ ಹೋಗುತ್ತೆ? ಮೇಲಿಂದ ಮೇಲೆ ಮಳೆಗಾಲದಲ್ಲಿ ಆ ಹಾಸಿನ ಮೇಲೆ ನೀರು ನಿಲ್ಲುತ್ತೆ, ಬೇಸಿಗೆಲಿ ಅದೇ ಎರಡಡಿ ಮಣ್ಣು ಪೂರ್ತಿ ಒಣಗುತ್ತೆ. ಹಾಗಾಗಿ ನನ್ನ ಅಭಿಪ್ರಾಯ ಕೇಳಿದ್ರೆ ಎರಡು ಎಕರೆಗೆ ಇದನ್ನ ನಂಬ್ಕೊಂಡು ಗುಂಡಿ ತೆಗೆಸಬೇಡಿ.

ಗುಡ್ಡದಮನೆ_ಆಯನೂರು

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ತುಂಬಾ ಥ್ಯಾಂಕ್ಸ್. ಆದ್ರೆ ಒಂದು ಡೌಟು. ನಮ್ದು ಇಳಿಜಾರು ಜಾಗ ಅಲ್ವಾ, ಮಳೆ ನೀರು ಎಲ್ಲ ಹರಿದು ಕೆಳಗೆ ತೋಟದ ಅಗಳಕ್ಕೆ ಹೋಗುತ್ತೆ, ನಿಲ್ಲೋದೇ ಇಲ್ಲ. ಹಾಗಿದ್ರೂ ಕೊಳೆಯುತ್ತಾ? ಮತ್ತೆ ಹಿಮಾಲಯದಲ್ಲಿ ಓಕ್ ಇದೆ ಅಂದ್ರಿ, ಅಲ್ಲಿ ನಮ್ಮ ತರಾನೇ ಮುಂಗಾರು ಮಳೆ ಅಲ್ವಾ, ಅದನ್ನ ತರಿಸಬಹುದಾ?

ಕಟ್ಟೆಹಕ್ಕಲು_ಕೃಷಿಕ

ನಾನು ತೀರ್ಥಹಳ್ಳಿ ಕಡೆ, ಅಡಿಕೆ ಮೆಣಸು ಎರಡೂ ಇದೆ. ಇಳಿಜಾರಿನ ವಿಷಯಕ್ಕೆ ನನ್ನ ಅನುಭವ ಹೇಳ್ತೀನಿ. ನಮ್ಮ ಮೆಣಸು ಅರ್ಧ ಇಳಿಜಾರಲ್ಲೇ ಇರೋದು, ಬುಡದಲ್ಲಿ ನೀರು ನಿಂತಿದ್ದು ಕಣ್ಣಿಗೆ ಕಾಣೋದೇ ಇಲ್ಲ, ಆದ್ರೂ ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿದ ವರ್ಷ ಸೊರಗು ಬಂದೇ ಬರುತ್ತೆ. ಈ ರೋಗಕ್ಕೆ ಕೆರೆ ತರ ನೀರು ನಿಲ್ಲಬೇಕು ಅಂತಿಲ್ಲ, ಮಣ್ಣಿನ ಕಣ ಕಣದ ಮಧ್ಯೆ ನೀರಿನ ಪದರ ಆರದೇ ಇದ್ರೆ ಸಾಕು. ನಾವು 1 ಪರ್ಸೆಂಟ್ ಬೋರ್ಡೋ, ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ, ಮುಂಗಾರಿಗೆ ಮುಂಚೆ ಒಂದ್ಸಲ ಕೊಟ್ಟು ಮತ್ತೆ ಬಿಡುವು ನೋಡಿ ಇನ್ನೊಂದ್ಸಲ ಕೊಡ್ತೀವಿ, ಬುಡಕ್ಕೆ ಬೇರೆ ಔಷಧಿ ಸುರೀತೀವಿ, ಮಳೆ ಬಿಡುವೇ ಕೊಡದ ವರ್ಷ ಅಷ್ಟು ಮಾಡಿದ್ರೂ ಹೋಗೋದು ಹೋಗುತ್ತೆ. ಅದು ದುಡ್ಡು ಬರೋ ಬೆಳೆ, ಮಾಡ್ತೀವಿ. ಗುಡ್ಡದ ಮೇಲಿನ ನೆರಳಿನ ಮರಕ್ಕೆ ವರ್ಷಾ ವರ್ಷ ಔಷಧಿ ಹೊತ್ಕೊಂಡು ಹೋಗೋರು ಯಾರು ಹೇಳಿ. ಕಾಡುಮರ ಅಂದ್ರೆ ಹಾಕಿ ಮೂರು ವರ್ಷ ನೋಡ್ಕೊಂಡ್ರೆ ಆಮೇಲೆ ತನ್ನಷ್ಟಕ್ಕೆ ತಾನು ಇರ್ಬೇಕು.

ಇನ್ನೊಂದು, ಸಿನ್ನಮೋಮಿ ಅನ್ನೋ ಆ ಜಾತಿ ಬೆಣ್ಣೆಹಣ್ಣಿಗೂ ಬರುತ್ತೆ ಅಂದ್ರಲ್ಲ. ನಮ್ಮ ಕಡೆ ಈಗ ತುಂಬಾ ಜನ ಬೆಣ್ಣೆಹಣ್ಣು ಹಾಕ್ತಿದಾರೆ. ನೀವೂ ಕೆಳಗೆ ಹಾಕೋ ಪ್ಲಾನ್ ಇದ್ರೆ, ಮೇಲ್ಗಡೆ ಆ ರೋಗಕ್ಕೆ ಸುಲಭವಾಗಿ ತುತ್ತಾಗೋ ಮರ ಇಟ್ಕೊಳೋದು ಬೇಡ, ನೀರು ಮೇಲಿಂದ ಕೆಳಗೇ ತಾನೇ ಬರೋದು.

ಸೊಪ್ಪಿನಬೆಟ್ಟ

ಕಟ್ಟೆಹಕ್ಕಲು ಅವ್ರು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಹಿಮಾಲಯದ ಓಕ್ ಬಗ್ಗೆ: ಉತ್ತರಾಖಂಡದಲ್ಲಿ ಬಾಂಜ್ ಅಂತಾರೆ, ನಿತ್ಯಹಸಿರು, ಎಲೆ ಅಡಿ ಬಿಳಿ, ಮುಂಗಾರು ಮಳೆಗೂ ಒಗ್ಗಿದೆ. ಅಲ್ಲಿನ ಹಳ್ಳಿಗಳಿಗೆ ಅದು ಪ್ರಾಣ, ದನದ ಮೇವು, ಸೌದೆ, ಗೊಬ್ಬರದ ಸೊಪ್ಪು ಎಲ್ಲ ಅದೇ, ಬಾಂಜ್ ಕಾಡಿದ್ದಲ್ಲಿ ಒರತೆ ಬತ್ತಲ್ಲ ಅಂತ ಜನ ಅದನ್ನ ಕಾಪಾಡ್ತಾರೆ, ನಮ್ಮಲ್ಲಿ ಸೊಪ್ಪಿನ ಬೆಟ್ಟ ಇದ್ದಂಗೆ. ಆದ್ರೆ ಅದು ಚೆನ್ನಾಗಿ ಬೆಳೆಯೋದು ಸುಮಾರು 1500 ರಿಂದ 2300 ಮೀಟರ್ ಎತ್ತರದಲ್ಲಿ, ಚಳಿಗಾಲದಲ್ಲಿ ಹಿಮ ಬೀಳೋ ಜಾಗ. ನಮ್ಮ ಕೊಡಚಾದ್ರಿ ತುದಿನೇ 1343 ಮೀಟರ್, ಶಿವಮೊಗ್ಗ ಸುತ್ತಮುತ್ತ 600ರ ಆಸುಪಾಸು. ನಿಮ್ಮ ಏಪ್ರಿಲ್ ತಿಂಗಳು ಅದಕ್ಕೆ ಆಗಿಬರಲ್ಲ.

ಬಯಲುಗಾಳಿ

ಎಲ್ರೂ ಬೇಡ ಬೇಡ ಅಂತಿದೀರ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕಾಫಿ ಹೊರಗಿಂದ ಬಂದಿದ್ದೇ, ಗೇರು ಹೊರಗಿಂದ ಬಂದಿದ್ದೇ, ಯಾರೋ ಒಬ್ರು ನೆಟ್ಟು ನೋಡಿದ್ದಕ್ಕೇ ಇವತ್ತು ನಮಗೆ ಅನ್ನ. ಎರಡು ಎಕರೆಗೆ ಬೇಡ ಸರಿ, ಮನೆ ಹತ್ರ ಎರಡು ಗಿಡ ಹಾಕಿ ನೋಡೋದ್ರಲ್ಲಿ ಏನು ಹೋಗುತ್ತೆ? ದೊಡ್ಡ ಕುಂಡದಲ್ಲಿ ಮರಳು, ಜಲ್ಲಿ ಜಾಸ್ತಿ ಹಾಕಿ, ಜೂನಿಂದ ಸೆಪ್ಟೆಂಬರ್ ತನಕ ಮಾಡಿನ ಕೆಳಗೆ ಎಳೆದು ಇಟ್ಕೊಂಡ್ರೆ ಬದುಕಬಹುದು. ಈ ಮರ ಕತ್ತರಿ ಚೆನ್ನಾಗಿ ತಡೆಯುತ್ತೆ, ಯುರೋಪಲ್ಲಿ ಬೇಲಿ ತರ ಕತ್ತರಿಸಿ ಇಡ್ತಾರೆ, ಬೋನ್ಸಾಯ್ ಮಾಡೋರೂ ಇದಾರೆ. ಬೀಜ ಆನ್‌ಲೈನಲ್ಲಿ ಸಿಗುತ್ತೆ, ಇಲ್ಲಾಂದ್ರೆ ತಮ್ಮ ಊರಿಗೆ ಬರುವಾಗ ಜೇಬಲ್ಲಿ ನಾಲ್ಕು ಹಾಕ್ಕೊಂಡು ಬಂದ್ರೆ ಆಯ್ತು.

ಮೊಳಕೆ_ಮನೆ

ಬಯಲುಗಾಳಿ ಅವ್ರೇ, ಕುಂಡದ ಮಾತು ಒಪ್ತೀನಿ, ಜೇಬಿನ ಮಾತು ಖಂಡಿತ ಒಪ್ಪಲ್ಲ. ಹೊರದೇಶದಿಂದ ಬೀಜ ಗಿಡ ತರೋಕೆ 2003ರ ಸಸ್ಯ ಸಂಪರ್ಕತಡೆ ಆದೇಶ ಇದೆ, ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದು ಸುಮ್ನೆ ಕಾಗದದ ಕಿರಿಕಿರಿ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಲ್ಲಿ ಓಕ್ ಮರಗಳು ಗುಡ್ಡಗುಡ್ಡವೇ ಸತ್ತಿದ್ದು ಫೈಟಾಫ್ತೊರಾದ್ದೇ ಇನ್ನೊಂದು ಜಾತಿಯಿಂದ, ರಾಮೋರಮ್ ಅಂತ, ಅದು ಊರಿಂದೂರಿಗೆ ಓಡಾಡಿದ್ದು ನರ್ಸರಿ ಗಿಡಗಳ ಜೊತೆ. ಅಡಿಕೆ ಮೆಣಸು ನಂಬ್ಕೊಂಡಿರೋ ಜಿಲ್ಲೆಗೆ ಯಾವ ಮಣ್ಣು ಯಾವ ಹುಳ ಬರುತ್ತೆ ಅಂತ ನೋಡದೆ ತರೋದು ಬಹಳ ದೊಡ್ಡ ಅಪಾಯ. ದಯವಿಟ್ಟು ಯಾರೂ ಮಾಡಬೇಡಿ.

ಬೀಜದ ವಿಷಯ ಕೇಳಿದ್ರಲ್ಲ, ನಾನು ಸಣ್ಣ ನರ್ಸರಿ ನಡೆಸ್ತೀನಿ, ಇದು ನನ್ನ ಕೆಲಸದ ಭಾಗ. ಓಕ್ ಕಾಯಿ, ಏಕಾರ್ನ್ ಅಂತಾರಲ್ಲ, ಅದು ಒಣಗಿಸಿ ಇಡೋ ಬೀಜ ಅಲ್ಲ. ನಮ್ಮ ಹಲಸಿನ ಬೀಜ, ಧೂಪದ ಬೀಜ ಹೇಗೆ ಒಣಗಿದ್ರೆ ಜೀವ ಹೋಗುತ್ತೋ ಇದೂ ಹಾಗೇ. ಹೋಲ್ಮ್ ಓಕ್ ಕಾಯಿ ಅಕ್ಟೋಬರ್ ನವೆಂಬರಲ್ಲಿ ಬಲಿತು ಉದುರುತ್ತೆ, ಅಲ್ಲಿ ಆರಿಸಿದ ಕೂಡ್ಲೇ ನೀರಿಗೆ ಹಾಕಿ ತೇಲಿದ್ದು ಬಿಸಾಡಿ ಮುಳುಗಿದ್ದನ್ನ ನೆಡ್ತಾರೆ, ತಡ ಆಗೋದಾದ್ರೆ ಒದ್ದೆ ಮರಳಲ್ಲಿ ತಣ್ಣಗೆ ಇಡ್ತಾರೆ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಇದ್ದು ಪೋಸ್ಟಲ್ಲಿ ಬರೋ ಬೀಜ ಗಲಗಲ ಅಂತ ಅಲ್ಲಾಡುತ್ತೆ, ಅದು ಮೊಳೆಯಲ್ಲ. ಮೊಳೆತ್ರೂ ತಾಯಿಬೇರು ತಕ್ಷಣ ಕೆಳಗೆ ಹೊರಡೋದ್ರಿಂದ ಗಿಡ್ಡ ಕವರ್ ಸಾಲಲ್ಲ, ಸುತ್ತಿಕೊಂಡ ಬೇರು ಮುಂದೆ ನೆಟ್ಟಾಗ ನೇರ ಆಗಲ್ಲ. ಉದ್ದದ ಟ್ಯೂಬ್ ಬೇಕು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಓಕ್ ಬೇರಿನ ಜೊತೆ ಒಂದು ಜಾತಿ ಶಿಲೀಂಧ್ರ ಕೂಡ್ಕೊಂಡು ಬದುಕುತ್ತೆ, ಬೇರಿಗೆ ಹೊದಿಕೆ ತರ ಸುತ್ಕೊಂಡು ನೀರು, ರಂಜಕ ತಂದು ಕೊಡುತ್ತೆ, ಮರ ಅದಕ್ಕೆ ಸಕ್ಕರೆ ಕೊಡುತ್ತೆ. ಯುರೋಪಲ್ಲಿ ಭಾರಿ ಬೆಲೆಗೆ ಮಾರೋ ಕಪ್ಪು ಟ್ರಫಲ್ ಅನ್ನೋ ಅಣಬೆ ಈ ಹೋಲ್ಮ್ ಓಕ್ ಬೇರಲ್ಲೂ ಆಗುತ್ತೆ, ಫ್ರಾನ್ಸ್ ಸ್ಪೇನಲ್ಲಿ ಸಸಿ ಬೇರಿಗೆ ಅದನ್ನ ಸೇರಿಸಿ ತೋಟ ಮಾಡ್ತಾರೆ. ಮಣ್ಣಲ್ಲಿ ಆ ಜೊತೆಗಾರ ಇಲ್ದಿದ್ರೆ ಸಸಿ ಕುಂಟುತ್ತೆ. ನಮ್ಮ ಕಾಡಲ್ಲಿ ಧೂಪದ ಕುಟುಂಬಕ್ಕೆ ಇಂಥ ಸಂಬಂಧ ಇದೆ, ಆದ್ರೆ ಮತ್ತಿ ನಂದಿ ಇರೋ ಗುಡ್ಡದ ಮಣ್ಣಲ್ಲಿ ಓಕಿಗೆ ಬೇಕಾದ್ದು ಸಿಗುತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ.

ಸುರಗಿಮಾಲೆ

ಇಷ್ಟು ಹೊತ್ತು ಓದ್ತಾ ಇದ್ದೆ. ನಾನು ಹೊಸನಗರ ಕಡೆಯವಳು, ಮದುವೆ ಆಗಿ ಬಂದಿದ್ದು ಕುಂಸಿ ಹತ್ರ, ಅಂದ್ರೆ ನಿಮ್ಮ ಪಕ್ಕದ ಸೀಮೆನೇ. ನಮ್ಮನೆ ಮೇಲಿನ ಗುಡ್ಡನೂ ನೀವು ಹೇಳಿದ್ ತರಾನೇ ಇತ್ತು. ನೀವು ಕೇಳ್ತಿರೋದು ಏನು, ಬೇಸಿಗೆಲಿ ಹಸಿರು, ದನಕ್ಕೆ ನೆರಳು, ಬೆಂಕಿ ಕಡಿಮೆ ಆಗಬೇಕು. ಇದೆಲ್ಲ ಕೊಡೋ ಮರ ನಮ್ಮಲ್ಲೇ ಇದಾವೆ, ನಾಲ್ಕು ತಿಂಗಳು ನೆನೆದು ಆರು ತಿಂಗಳು ಒಣಗೋ ಈ ಹವಾನೇ ಅವುಗಳ ಹುಟ್ಟೂರು.

ಮೊದಲನೇದು ನೇರಳೆ. ನಿತ್ಯಹಸಿರು, ಹಳ್ಳದ ದಂಡೇಲೂ ನಿಲ್ಲುತ್ತೆ ಒಣಗುಡ್ಡದಲ್ಲೂ ನಿಲ್ಲುತ್ತೆ, ಕಾಲು ನೀರಲ್ಲಿದ್ರೂ ಸಾಯಲ್ಲ. ಬೀಜ ಹಣ್ಣಾದ ಕೂಡ್ಲೇ ಹಾಕ್ಬೇಕು, ಜೂನಲ್ಲಿ ಹಣ್ಣು ತಿಂದು ಅದೇ ವಾರ ಊರಿದ್ರೆ ಮಳೇಲಿ ಹುಟ್ಟುತ್ತೆ. ಎರಡನೇದು ಹೊಂಗೆ, ಅದು ಬೇಸಿಗೆ ಶುರುವಿನಲ್ಲಿ ಸ್ವಲ್ಪ ದಿನ ಎಲೆ ಬಿಡುತ್ತೆ, ಆದ್ರೆ ಏಪ್ರಿಲಲ್ಲಿ ಬೇರೆಲ್ಲ ಬೋಳಾಗಿರುವಾಗ ಇದು ತಳತಳ ಅಂತ ಚಿಗುರಿರುತ್ತೆ, ಬೇಗ ಬೆಳೆಯುತ್ತೆ, ದನ ಅಷ್ಟಾಗಿ ಬಾಯಿ ಹಾಕಲ್ಲ, ಮಣ್ಣಿಗೆ ಸಾರಜನಕನೂ ಕೊಡುತ್ತೆ, ಸೊಪ್ಪು ಕೆಳಗೆ ತೋಟಕ್ಕೆ ಆಯ್ತು. ನೆರಳು ಬೇಗ ಬೇಕು ಅಂದ್ರೆ ಇದೇ ಮುಂದಾಳು. ಮೂರನೇದು ರಂಜೆ. ನೀವು ಫೋಟೋದಲ್ಲಿ ನೋಡಿದ ಆ ಮರಕ್ಕೆ ರೂಪದಲ್ಲಿ ಹತ್ತಿರ ಅಂದ್ರೆ ಇದೇ ಅನ್ಸುತ್ತೆ ನಂಗೆ, ಗುಂಡಗೆ ದಟ್ಟ, ಎಲೆ ದಪ್ಪ, ಕಡುಹಸಿರು, ಬಿಸಿಲಲ್ಲಿ ಕೆಳಗೆ ಹೋದ್ರೆ ತಂಪು. ಬೆಳೆಯೋದು ನಿಧಾನ, ಅದಕ್ಕೆ ಹೊಂಗೆ ಮಧ್ಯೆ ಮಧ್ಯೆ ಹಾಕಿ. ಹೂ ಬಿದ್ದ ದಿನ ಗುಡ್ಡವೇ ಪರಿಮಳ. ಸುರಗಿನೂ ಎರಡು ಹಾಕಿ, ನಿಧಾನಕ್ಕೆ ಬರುತ್ತೆ, ಆದ್ರೆ ಹಾಕೋರೇ ಇಲ್ಲದೆ ಕಡಿಮೆ ಆಗ್ತಿದೆ, ನಿಮ್ಮ ಜಾಗದಲ್ಲಿ ಮಣ್ಣು ಆಳ ಇರೋ ಮೂಲೆ ನೋಡಿ ಹಾಕಿ. ಹಲಸು ಮನೆ ಕಡೆ ಇಳಿಜಾರಿಗೆ, ನೀರು ನಿಲ್ಲದ ಕಡೆ, ಬೀಜ ಅಲ್ಲೇ ಊರಿಬಿಡಿ. ಹೆಬ್ಬಲಸು, ಧೂಪ, ಮುರುಗಲು ಎಲ್ಲ ಹೊಸನಗರ ತೀರ್ಥಹಳ್ಳಿ ಮಳೆಗೆ ಚೆಂದ, ನಿಮ್ಮ ಬಿಸಿಲು ಗುಡ್ಡಕ್ಕೆ ಮೊದಲ ಸಲಕ್ಕೆ ಬೇಡ, ಹೊಂಗೆ ನೆರಳಾದ ಮೇಲೆ ಅದರ ಅಡಿಲಿ ಹಾಕಬಹುದು.

ಇರೋ ಮತ್ತಿ ನಂದಿ ಹೊನ್ನೆ ಒಂದನ್ನೂ ಕಡಿಬೇಡಿ. ಎಲೆ ಉದುರಿಸೋದು ಅದರ ಬರ ತಡೆಯೋ ದಾರಿ, ಹೋಲ್ಮ್ ಓಕ್ ಎಲೆ ದಪ್ಪ ಮಾಡ್ಕೊಂಡು ತಡೆಯುತ್ತೆ, ಇವು ಎಲೆ ಬಿಟ್ಟು ತಡೀತವೆ. ಆ ದರಕು ಕೆಳಗೆ ಕೊಟ್ಟಿಗೆಗೆ ಗುಡಿಸ್ಕೊಳಿ, ಒಂದಿಷ್ಟು ಹೊಸ ಗಿಡದ ಬುಡಕ್ಕೆ ಮುಚ್ಚಿ, ಬೆಂಕಿಗೂ ಆಹಾರ ಕಮ್ಮಿ ಆಯ್ತು.

ಲಂಟಾನ ಒಂದೇ ಸಲ ಪೂರ್ತಿ ಕೀಳಿಸಬೇಡಿ, ಮಣ್ಣು ಕೊಚ್ಕೊಂಡು ಹೋಗುತ್ತೆ. ಗಿಡ ನೆಡೋ ಸಾಲು ಮಾತ್ರ ತೆಗೆಸಿ. ಗುಂಡಿ ಈಗಲೇ ಬೇಸಿಗೆಲೇ ತೆಗೆಸಿ ಬಿಸಿಲಿಗೆ ಬಿಡಿ, ಎರಡಡಿ ಉದ್ದ ಅಗಲ ಆಳ, ಜಂಬಿಟ್ಟಿಗೆ ಸಿಕ್ಕಿದ ಕಡೆ ಹಾರೆಲಿ ತಳಕ್ಕೆ ಬಿರುಕು ಬಿಡಿಸಲೇಬೇಕು, ಇಲ್ಲಾಂದ್ರೆ ಗುಂಡಿ ಅನ್ನೋದು ಬಾನಿ ಆಗುತ್ತೆ. ಹಾಸು ಒಡೆಯೋದೇ ಇಲ್ಲ ಅನ್ನೋ ಜಾಗ ಬಿಟ್ಬಿಡಿ, ಅಲ್ಲಿ ಹುಲ್ಲು ಇರಲಿ. ಗಿಡದ ಮೇಲ್ಭಾಗದಲ್ಲಿ ಅರ್ಧಚಂದ್ರ ತರ ಇಂಗುಗುಂಡಿ. ಮೊದಲೆರಡು ಮಳೆ ಬಿದ್ದು ನೆಲ ನೆಂದ ಮೇಲೆ ನೆಡಿ, ಆರಿದ್ರಾ ಒಳಗೆ ಮುಗಿಸಿದ್ರೆ ಮಳೆಗಾಲ ಪೂರ್ತಿ ಬೇರು ಬಿಡೋಕೆ ಸಿಗುತ್ತೆ. ಡಿಸೆಂಬರ್ ಕೊನೆಗೆ ಸುತ್ತ ಹತ್ತು ಹನ್ನೆರಡು ಅಡಿ ಬೆಂಕಿ ಗೆರೆ ಸವರಿಸಿ, ಇದನ್ನ ಮಾತ್ರ ಯಾವ ವರ್ಷನೂ ತಪ್ಪಿಸಬೇಡಿ.

ಗಿಡಕ್ಕೆ ದುಡ್ಡಿನ ಚಿಂತೆ ಬೇಡ, ಅರಣ್ಯ ಇಲಾಖೆ ನರ್ಸರಿಲಿ ರಿಯಾಯಿತಿಗೆ ಸಿಗುತ್ತೆ, ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಲಿ ಪಹಣಿ ಕೊಟ್ಟು ಹೆಸರು ಬರೆಸಿದ್ರೆ ಬದುಕಿ ಉಳಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನನೂ ಬರುತ್ತೆ. ವಲಯ ಕಚೇರಿಲಿ ಮಳೆಗಾಲಕ್ಕೆ ಮುಂಚೆನೇ ಕೇಳಿ, ನಿಮಗೆ ಬೇಕಾದ ಜಾತಿ ಎಷ್ಟು ಬೇಕು ಅಂತ ಮೊದಲೇ ಹೇಳಿಡಿ, ಕೊನೆಗೆ ಹೋದ್ರೆ ಉಳಿದಿದ್ದು ಮಾತ್ರ ಸಿಗುತ್ತೆ.

ಗುಡ್ಡದಮನೆ_ಆಯನೂರು

ಅಕ್ಕ, ಇದನ್ನ ಅಪ್ಪಂಗೆ ಓದಿ ಹೇಳ್ದೆ, ರಂಜೆ ಅಂದ ಕೂಡ್ಲೇ ಅವ್ರಿಗೆ ಖುಷಿ ಆಯ್ತು, ಹಳೇ ಮನೆ ಹತ್ರ ಒಂದಿತ್ತಂತೆ. ಹೋಲ್ಮ್ ಓಕ್ ಆಸೆ ಗುಡ್ಡದ ಮಟ್ಟಿಗೆ ಬಿಟ್ಟೆ. ಕಾನೂನು ಪ್ರಕಾರ ಗಿಡ ಎಲ್ಲಾದ್ರೂ ಸಿಕ್ರೆ ಕುಂಡದಲ್ಲಿ ಒಂದು ಇಟ್ಕೊಳ್ತೀನಿ, ನೋಡೋ ಆಸೆ ಇನ್ನೂ ಇದೆ. ಎರಡು ಪ್ರಶ್ನೆ ಉಳೀತು, ಹೊಂಗೆ ನೇರಳೆ ರಂಜೆ ಎಷ್ಟೆಷ್ಟು ದೂರಕ್ಕೆ ಹಾಕ್ಲಿ, ಟ್ಯಾಂಕರ್ ನೀರು ಬೇಸಿಗೆಲಿ ಎಷ್ಟು ದಿನಕ್ಕೊಂದ್ಸಲ?

ಸುರಗಿಮಾಲೆ

ಸಾಲಿಂದ ಸಾಲಿಗೆ 18 ಅಡಿ, ಗಿಡದಿಂದ ಗಿಡಕ್ಕೆ 15 ಅಡಿ ಇಟ್ಕೊಳಿ, ಎರಡು ಹೊಂಗೆ ಆದ್ಮೇಲೆ ಒಂದು ರಂಜೆ ಇಲ್ಲಾ ನೇರಳೆ. ಮುಂದೆ ಒತ್ತೊತ್ತಾದ್ರೆ ಹೊಂಗೆ ಸವರಿದ್ರಾಯ್ತು, ಸೊಪ್ಪು ವೇಸ್ಟ್ ಆಗಲ್ಲ. ನೀರು ಮೊದಲ ಬೇಸಿಗೆ ಜನವರಿಯಿಂದ ಹತ್ತು ದಿನಕ್ಕೊಂದ್ಸಲ ಒಂದು ಕೊಡ, ಸ್ವಲ್ಪ ಸ್ವಲ್ಪ ದಿನಾ ಹಾಕೋದಕ್ಕಿಂತ ಒಂದೇ ಸಲ ತುಂಬಾ ಹಾಕಿ ಬಿಟ್ರೆ ಬೇರು ಕೆಳಗೆ ಹುಡುಕ್ಕೊಂಡು ಹೋಗುತ್ತೆ. ಎರಡನೇ ಬೇಸಿಗೆ ಇಪ್ಪತ್ತು ದಿನಕ್ಕೊಂದ್ಸಲ ಸಾಕು. ಬುಡಕ್ಕೆ ದರಕು ದಪ್ಪ ಮುಚ್ಚಿ, ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು, ತಾಗಿದ್ರೆ ಗೆದ್ದಲು ಹಿಡಿಯುತ್ತೆ.

ಮೊಳಕೆ_ಮನೆ

ರಂಜೆ ಸಸಿ ಇಲಾಖೆಲಿ ಸಿಗ್ಲಿಲ್ಲ ಅಂದ್ರೆ ಮೆಸೇಜ್ ಮಾಡಿ, ನಮ್ಮಲ್ಲಿ ಎರಡು ವರ್ಷದ್ದು ಉದ್ದ ಕವರಲ್ಲಿ ಇದಾವೆ, ಗುಡ್ಡಕ್ಕೆ ಹಾಕೋಕೆ ಆ ಸೈಜೇ ಒಳ್ಳೇದು.